ಫಿಶ್ ಟ್ಯಾಂಕಿಗೆ ಮದುವೆಯ ಲೈಟು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ನನ್ನ ಅಮ್ಮ ಕಲಿಸಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತೇನೆ: ಶೀನಪ್ಪ ಶೆಟ್ಟಿ, ಬೆಳುವಾಯಿ, ಕಾಂತಿ ಲೈಟಿಂಗ್ಸ್‌ನ ಮಾಲೀಕರು. ಕಾಂತಿ ಎಂದರೆ ನಾನು. ಹೆಂಡತಿಯ ಹೆಸರಿಟ್ಟಿದ್ದೀರಾ ಎಂದು ಯಾರಾದರೂ ಕೇಳಿದರೆ ಮಾತ್ರ ಇವರು, "ಅಲ್ಲ ಮಾರಾಯ, ಕಾಂತಿ ಅಂದ್ರೆ ಬೆಳಕು ಅಲ್ವಾ?" ಎಂದು ಜಾರಿಕೊಳ್ಳುತ್ತಾರೆ. ನಾಲ್ಕು ಜನರ ಎದುರು ತನ್ನ ಮರ್ಯಾದೆಗೆ ಒಂದು ಕಣ ಧೂಳೂ ತಾಗಬಾರದು, ಅಂಥ ಜಾತಿಯ ಮನುಷ್ಯ. ಆ ಮರ್ಯಾದೆಯೇ ಕೊನೆಗೆ ಇವರನ್ನು ತಿಂದು ಹಾಕಿತು.

ಮೂಡುಬಿದಿರೆ, ಬೆಳ್ತಂಗಡಿ, ಆಚೆ ಬಂಟ್ವಾಳದ ತನಕ ಮದುವೆಯೋ ಗೃಹಪ್ರವೇಶವೋ ಭೂತದ ನೇಮವೋ ಯಕ್ಷಗಾನವೋ ಇದ್ದರೆ ಲೈಟು ಹಾಕಲು ಇವರೇ ಆಗಬೇಕು ಎನ್ನುವ ಮನೆಗಳು ಬೇಕಷ್ಟಿವೆ. ಶುರುವಾದದ್ದು ಪೆಟ್ರೋಮ್ಯಾಕ್ಸಿನಿಂದ. ಮೀಸೆ ಮೂಡುವ ಮೊದಲೇ ನೇಮದ ಅಂಗಳದಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತು ನಿಂತು, ಬೆಳಗಾಗುವ ತನಕ ಗಾಳಿ ಹಾಕುತ್ತಿದ್ದವರು. ಬಿಸಿ ಗಾಜು ತಾಗಿದ ಕಲೆ ಬಲ ಅಂಗೈಯಲ್ಲಿ ಇವತ್ತಿಗೂ ಉಂಟು. ಆಮೇಲೆ ಟ್ಯೂಬ್‌ಲೈಟು ಬಂತು, ಜನರೇಟರು ಬಂತು, ಬಣ್ಣ ಬದಲಿಸುವ ಎಲ್‌ಇಡಿ ಬಂತು. ಎಲ್ಲವನ್ನೂ ಇವರು ಯಾವ ಕೋರ್ಸೂ ಮಾಡದೆ, ಶಾಕ್ ಹೊಡೆಸಿಕೊಂಡೇ ಕಲಿತರು.

ಇವರಿಗೆ ಒಂದೇ ವ್ರತ. ಕಾರ್ಯಕ್ರಮ ಮುಗಿಯುವ ತನಕ ತಾನು ಹಾಕಿದ ಲೈಟು ಆರಬಾರದು. ಒಮ್ಮೆ ವೇಣೂರಿನಲ್ಲಿ ಒಂದು ಮದುವೆ. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಯಾರೋ ಹೆಂಗಸು ಮೊಬೈಲು ಚಾರ್ಜಿಗೆ ಹಾಕಬೇಕೆಂದು ಮಂಟಪದ ಪ್ಲಗ್ಗನ್ನೇ ಕಿತ್ತಳು. ಮದುಮಗಳ ಕೈ ಯಾವುದು, ಮದುಮಗನ ಕೈ ಯಾವುದು, ಪುರೋಹಿತರಿಗೂ ತಿಳಿಯಲಿಲ್ಲ. ಇವರು ಹೊರಗೆ ಓಡಿ, ವ್ಯಾನನ್ನು ಮದುವೆ ಹಾಲ್‌ನ ಬಾಗಿಲಿಗೇ ತಂದು ಹೆಡ್‌ಲೈಟು ಹಾಕಿ ಧಾರೆ ಮುಗಿಸಿಕೊಟ್ಟರು. ಅಂದಿನಿಂದ ಎಲ್ಲಿ ಹೋದರೂ ಮೊದಲ ಕೆಲಸ ಸ್ವಿಚ್ಚಿನ ಮೇಲೆ, ಪ್ಲಗ್ಗಿನ ಮೇಲೆ ಕಪ್ಪು ಇನ್ಸುಲೇಶನ್ ಟೇಪು ಅಂಟಿಸುವುದು. "ಹಾಕಿದವನೇ ಆರಿಸಬೇಕು, ಬೇರೆ ಯಾರೂ ಮುಟ್ಟಬಾರದು" ಎಂದು ಮನೆಯ ಯಜಮಾನನಿಗೂ ಹೇಳಿಬಿಡುತ್ತಾರೆ. ಇನ್ನೊಂದು ಮಾತೂ ಬಾಯಲ್ಲೇ ಇರುತ್ತದೆ: "ಬೆಳಕು ಜಾಸ್ತಿ ಆಯ್ತು ಅಂತ ಇದುವರೆಗೆ ಯಾವ ಮದುವೆಯವರೂ ದೂರಿದ್ದಿಲ್ಲ." ಹೌದು, ದೂರಿದ್ದಿಲ್ಲ. ಮದುವೆಗೆ ಬಂದವರು ಮನುಷ್ಯರಲ್ಲವೇ, ಗಿಡಗಳೇನಲ್ಲವಲ್ಲ.

ಈಗ ಶೋಧನ್‌ನ ಸಂಗತಿಗೆ ಬರುತ್ತೇನೆ. ಅವನು ಇವರ ತಂಗಿಯ ಮಗ. ನಮ್ಮ ಬಂಟರಲ್ಲಿ ತಾಯಿಯ ಅಣ್ಣ ಎಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅದರಲ್ಲೂ ಶೋಧನ್ ಶಾಲೆಗೆ ಹೋಗುವಾಗಲೇ ಅವನ ಅಪ್ಪ ತೀರಿಕೊಂಡರು. ನಮಗೆ ಮಕ್ಕಳಿಲ್ಲ. ಅವನ ಜ್ವರಕ್ಕೆ ಗಂಜಿ ಕೊಟ್ಟದ್ದು ನಾನು, ಸೈಕಲ್ಲು ಕಲಿಸಿದ್ದು ಇವರು. ಮಾವ ನಿಲ್ಲು ಎಂದರೆ ನಿಲ್ಲುವ, ಕೂರು ಎಂದರೆ ಕೂರುವ ಹುಡುಗ. ಬೆಳೆದು ಗಂಡಸಾದ ಮೇಲೂ ಹಾಗೆಯೇ. ಇಷ್ಟು ಒಳ್ಳೆಯತನ ಒಬ್ಬ ಮನುಷ್ಯನಿಗೆ ಒಳ್ಳೆಯದಲ್ಲ ಎಂದು ನಾನು ಎಷ್ಟೋ ಸಲ ಅವನಿಗೇ ಹೇಳಿದ್ದೇನೆ.

ಅವನು ದೋಹಾದಲ್ಲಿ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ನೀರಿನೊಳಗೆ ಜೀವಂತ ಗಿಡ ಬೆಳೆಸುವ ಟ್ಯಾಂಕುಗಳನ್ನು ಕಟ್ಟಲು ಕಲಿತು, ಊರಿಗೆ ಬಂದು ಮೂಡುಬಿದಿರೆಯಲ್ಲಿ ಪುಟ್ಟ ಅಂಗಡಿ ತೆರೆದ. ನಮ್ಮ ಕಡೆಯವರಿಗೆ ಫಿಶ್ ಟ್ಯಾಂಕ್ ಎಂದರೆ ಕೆಂಪು ಮೀನು, ಪ್ಲಾಸ್ಟಿಕ್ ಕೋಟೆ, ಬಾಯಿ ತೆರೆದು ಗುಳ್ಳೆ ಬಿಡುವ ಕಪ್ಪೆ. ಇವನು ನೋಡಿದರೆ ಮರದ ಬೇರು, ಕಲ್ಲು, ಅದಕ್ಕೆ ಅಂಟಿಸಿದ ಕಡು ಹಸಿರು ಗಿಡ. "ಇದು ನಮ್ಮ ನೀರು ಹರಿಯುವ ತೋಡಿನಲ್ಲಿ ಪುಕ್ಕಟೆ ಉಂಟಲ್ಲ, ನಿನ್ನ ಅಂಗಡಿಗೆ ಯಾರು ಬರ್ತಾರೆ?" ಎಂದು ನಾನೇ ತಮಾಷೆ ಮಾಡಿದ್ದೆ. ಜನರೂ ಬಂದರು, ನೋಡಿದರು, ಮೀನಿನ ತಿಂಡಿಯ ಪ್ಯಾಕೆಟ್ಟು ತೆಗೆದುಕೊಂಡು ಹೋದರು.

ಹಾಗಿರುವಾಗ ಅವನಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಲಾಯಿಲದಲ್ಲಿ ಡಾಕ್ಟರ್ ಶುಭಶ್ರೀ ಎಂಬವರು ಹೊಸ ಹಲ್ಲಿನ ಕ್ಲಿನಿಕ್ ತೆರೆಯುವವರಿದ್ದರು. ಕೊಕ್ಕಡದ ಕಡೆಯ ಹೆಣ್ಣುಮಗಳು, ಮೃದು ಸ್ವಭಾವ. ಹಲ್ಲು ಕೀಳಿಸಲು ಬರುವ ಮಕ್ಕಳು ಅಳದೆ ಕೂರಲಿ ಎಂದು ವೆಯ್ಟಿಂಗ್ ರೂಮಿನಲ್ಲಿ ಗಿಡಗಳ ದೊಡ್ಡ ಟ್ಯಾಂಕ್ ಬೇಕೆಂದರು. ದಿನಕ್ಕೆ ಎಷ್ಟು ಜನ ಬಂದು ಕೂರುವ ಜಾಗ ಅದು! ಅಲ್ಲಿ ನೋಡಿದವರು ತಮ್ಮ ಮನೆಗೂ ಬೇಕು ಎಂದಾರು. ಆಗಲೇ ಬಿ.ಸಿ.ರೋಡಿನ ಒಂದು ಹೋಟೆಲಿನವರು, "ಡಾಕ್ಟ್ರ ಟ್ಯಾಂಕ್ ಆಗಲಿ, ನೋಡಿ ಹೇಳ್ತೇವೆ" ಎಂದಿದ್ದರು. ಶೋಧನ್‌ನ ಅಂಗಡಿ ಉಳಿಯುವುದೂ ಮುಚ್ಚುವುದೂ ಆ ಒಂದು ಟ್ಯಾಂಕಿನ ಮೇಲೆ ನಿಂತಿತ್ತು. ಅದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು.

ಟ್ಯಾಂಕ್ ಕೂರಿಸಿದ ದಿನ ನಾವಿಬ್ಬರೂ ನೋಡಲು ಹೋದೆವು. ನಿಜ ಹೇಳುತ್ತೇನೆ, ನನ್ನ ತಮಾಷೆಯ ಮಾತನ್ನು ವಾಪಸು ತೆಗೆದುಕೊಂಡೆ. ಗಾಜಿನೊಳಗೆ ಒಂದು ಕಾಡಿನ ತೋಡು. ಬೇರಿನ ಸಂದಿಯಲ್ಲಿ ಬೆರಳುದ್ದದ ಮೀನುಗಳು ಮಕ್ಕಳ ಹಾಗೆ ಒಟ್ಟಿಗೇ ತಿರುಗುತ್ತಿದ್ದವು. ಮೇಲೆ ಒಂದು ತೆಳ್ಳನೆಯ ಬಿಳಿ ಲೈಟು, ಸ್ಕೇಲಿನಷ್ಟು ಅಗಲದ್ದು. ಗೋಡೆಯಲ್ಲಿ ಟೈಮರು. ಸಂಜೆಯ ಹೊತ್ತಿಗೆ ತಾನೇ ಆರುವಂಥದ್ದು.

ಇವರು ಟ್ಯಾಂಕ್ ನೋಡಲೇ ಇಲ್ಲ. ಲೈಟು ನೋಡಿದರು.

"ಇದೆಂಥದ್ದು ಶೋಧನ್? ಸಾವಿನ ಮನೆಯ ದೀಪದ ಹಾಗೆ ಉಂಟು."

"ಅಷ್ಟೇ ಸಾಕು ಮಾವ. ಇವೆಲ್ಲ ನೆರಳಿನ ಗಿಡ. ಮರದಡಿಯ ತೋಡಿನಲ್ಲಿ ನಿಧಾನಕ್ಕೆ ಬೆಳೆಯುವಂಥದ್ದು. ಬೆಳಕು ಜಾಸ್ತಿ ಕೊಟ್ರೆ ಅದನ್ನು ಗಿಡ ತಿನ್ನುವುದಿಲ್ಲ, ಪಾಚಿ ತಿಂದು ಬೆಳೀತದೆ. ದಿನಕ್ಕೆ ಏಳೆಂಟು ಗಂಟೆ ಬೆಳಕು, ಮತ್ತೆ ಕತ್ತಲೆ. ಮೀನಿಗೂ ನಿದ್ದೆ ಬೇಕಲ್ಲ?"

"ಗಿಡಕ್ಕೆ ಬೆಳಕು ಬೇಡ ಅಂತ ಯಾವ ಶಾಲೆಯಲ್ಲಿ ಕಲಿಸ್ತಾರೆ ಮಾರಾಯ? ನಾಡಿದ್ದು ಉದ್ಘಾಟನೆಗೆ ಊರು ಬರ್ತದೆ. ಬಾಗಿಲಿನಿಂದಲೇ ಕಣ್ಣಿಗೆ ಹೊಡೀಬೇಕು. ನಾನು ಹಾಕ್ತೇನೆ ಬಿಡು."

ಶೋಧನ್ ನನ್ನ ಮುಖ ನೋಡಿದ. ಮಾವನಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸವಿಲ್ಲ. ಅಂಗಡಿಗೆ ಹೊಸ ಮೀನು ತರಲು ಅವನಿಗೆ ಅಂದು ರಾತ್ರಿಯ ರೈಲಿಗೆ ಚೆನ್ನೈಗೆ ಹೋಗುವುದಿತ್ತು. ಕೊನೆಗೆ, "ಉದ್ಘಾಟನೆಯ ಒಂದು ದಿನಕ್ಕೆ ಮಾತ್ರ ಮಾವ. ಮಾರನೇ ದಿನ ನಿಮ್ಮದನ್ನು ತೆಗೆದು ಇದನ್ನೇ ವಾಪಸು ಹಾಕಿ. ಟೈಮರ್ ಮರೀಬೇಡಿ" ಎಂದು ಬೇಡಿಕೊಳ್ಳುವ ಹಾಗೆ ಹೇಳಿ ಹೋದ. ಆಯ್ತು ಆಯ್ತು ಎಂದರು ಇವರು.

ಉದ್ಘಾಟನೆಯ ದಿನ ಟ್ಯಾಂಕಿನ ಮೇಲೆ ಎರಡು ಫ್ಲಡ್‌ಲೈಟು ಕಟ್ಟಿದರು. ಮದುವೆಯ ಸ್ಟೇಜಿಗೆ ಹಾಕುವಂಥದ್ದು, ಹಿಂಬದಿಯಲ್ಲಿ ಕಾಂತಿ ಲೈಟಿಂಗ್ಸ್ ಎಂದು ಸ್ಟಿಕ್ಕರ್ ಇರುವಂಥದ್ದು. ಟೈಮರು ಕಿತ್ತು ಡ್ರಾಯರಿನೊಳಗೆ ಹೋಯಿತು. ಸ್ವಿಚ್ಚಿಗೆ ಕಪ್ಪು ಟೇಪು ಬಿತ್ತು. ಬಂದವರೆಲ್ಲ ಬಾಗಿಲಲ್ಲೇ ನಿಂತು ಅಬ್ಬಬ್ಬಾ ಎಂದರು. ಪ್ರತಿ ಗಿಡದ ನರ ನರವೂ ಕಾಣುತ್ತಿತ್ತು. ಡಾಕ್ಟರು ಕೈಮುಗಿದು, "ಶೆಟ್ರೇ, ನಿಮ್ಮ ಬೆಳಕಿನಿಂದ ಕ್ಲಿನಿಕ್ಕಿಗೇ ಕಳೆ ಬಂತು" ಎಂದರು. ಇವರ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು.

ಮಾರನೇ ದಿನ ಚೆನ್ನೈಯಿಂದ ಫೋನು ಬಂತು. "ಮಾವ, ಆ ಲೈಟ್ ತೆಗೆದಿರಾ?"

"ಎಲ್ಲ ಸರಿ ಮಾಡಿದ್ದೇನೆ. ನೀನು ನಿನ್ನ ಕೆಲಸ ನೋಡು," ಎಂದರು ಇವರು.

ನಾನು ಪಕ್ಕದಲ್ಲೇ ಬೀನ್ಸ್ ತುಂಡು ಮಾಡುತ್ತಿದ್ದೆ. "ತೆಗೆದಿದ್ದೀರಾ?" ಎಂದು ಕೇಳಿದೆ.

"ಅಷ್ಟು ಚಂದ ಕಾಣುವಾಗ ತೆಗೆಯುವುದು ಎಂಥಕ್ಕೆ? ಹುಡುಗನಿಗೆ ಗಲ್ಫಿನ ಪುಸ್ತಕದ ಬುದ್ಧಿ. ಅವನು ಬಂದು ನೋಡ್ಲಿ, ಅವನೇ ಇರ್ಲಿ ಅಂತಾನೆ."

ಮೊದಲು ಚಂದವೇ ಆಯಿತು. ಎಲೆಗಳಿಂದ ಮುತ್ತಿನ ಸರದ ಹಾಗೆ ಗುಳ್ಳೆ ಏಳುತ್ತಿದೆ ಎಂದು ಡಾಕ್ಟರು ಇವರಿಗೆ ಫೋಟೋ ಕಳಿಸಿದರು. ಇವರು ಅದನ್ನು ಬಸ್‌ಸ್ಟಾಪಿನಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದರು. ಆಮೇಲೆ ಗಾಜಿಗೆ ಹಸಿರು ಹುಡಿ ಹಿಡಿಯಿತು. ಗಿಡಗಳ ಮೇಲೆ ಕೂದಲಿನ ಹಾಗೆ ಪಾಚಿ ಬೆಳೆಯಿತು. ಮೀನುಗಳು ಬೇರಿನ ಹಿಂದೆ ಅಡಗಿ ಹೊರಗೇ ಬಾರದಾದವು. ಲೈಟು ಆರಿಸಿ ನೋಡುವ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ಟೇಪು ಇತ್ತಲ್ಲ, ಶೀನಪ್ಪ ಶೆಟ್ಟರ ಆಜ್ಞೆ! ಹಗಲೂ ಇರುಳೂ ಮದುವೆಯ ಬೆಳಕು ಸುರಿಯುತ್ತಲೇ ಇತ್ತು. ಡಾಕ್ಟರಿಗೆ ಹೊಸ ಕ್ಲಿನಿಕ್ಕಿನ ನೂರು ತಲೆಬಿಸಿ. ಶೋಧನ್ ಬಂದು ನೋಡಲಿ ಎಂದು ಅವರೂ ಸುಮ್ಮನಿದ್ದರು. ಶೋಧನ್ ಚೆನ್ನೈಯಲ್ಲಿ ಮೀನಿನ ಪಾರ್ಸೆಲ್ಲು ತಡವಾಗಿ ವಾರಗಟ್ಟಲೆ ಸಿಕ್ಕಿಬಿದ್ದಿದ್ದ. ಮಾವ ಎಲ್ಲ ಸರಿ ಮಾಡಿದ್ದಾರೆ ಎಂಬ ನೆಮ್ಮದಿ ಬೇರೆ.

ಒಂದು ಆದಿತ್ಯವಾರ ಬೆಳ್ತಂಗಡಿ ಕಡೆ ಇಡೀ ದಿನ ಕರೆಂಟಿರಲಿಲ್ಲ. ಕ್ಲಿನಿಕ್ಕಿಗೆ ಬೀಗ. ಕತ್ತಲೆಯಾದರೆ ಪಾಚಿಯು ನೀರಿನಲ್ಲಿದ್ದ ಉಸಿರನ್ನೆಲ್ಲ ತಾನೇ ಎಳೆದುಕೊಂಡು ಮೀನಿಗೆ ಉಳಿಸುವುದಿಲ್ಲವಂತೆ. ಆಮೇಲೆ ಶೋಧನ್ ಹೇಳಿದ್ದು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ನೀರು ತಿಮರೆ ಸೊಪ್ಪಿನ ತಂಬುಳಿಯ ಹಾಗೆ ಮಂದ ಹಸಿರಾಗಿತ್ತು. ಅದರ ಮೇಲೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ನನ್ನ ಗ್ರಹಚಾರ ನೋಡಿ, ಅದೇ ಸೋಮವಾರ ನನ್ನ ದವಡೆ ಹಲ್ಲು ಕೀಳಿಸಲು ಹೋದದ್ದು. ವಾರದಿಂದ ನೋವು, ಅಕ್ಕಿ ಮುಡಿಯ ಹಾಗೆ ಊದಿದ ಕೆನ್ನೆ. ಇವರೇ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟವರು ಟ್ಯಾಂಕ್ ನೋಡಿ ಅಲ್ಲೇ ನಿಂತುಬಿಟ್ಟರು. ನಾನು ಏನಾದರೂ ಹೇಳುವ ಮೊದಲೇ ನನ್ನನ್ನು ಕುರ್ಚಿಗೆ ಕರೆದರು. ಹಲ್ಲು ಕಿತ್ತು, ಬಾಯಿಗೆ ಹತ್ತಿ ತುರುಕಿ, ಅರ್ಧ ಗಂಟೆ ಮಾತಾಡಬಾರದು ಎಂದು ಹೇಳಿ ಹೊರಗೆ ಕೂರಿಸಿದರು. ನನ್ನ ಬಾಯಿಗೆ! ಅದೂ ಅವತ್ತೇ!

ವೆಯ್ಟಿಂಗ್ ರೂಮು ತುಂಬಿತ್ತು. ಒಂದು ಮಗು ಗಾಜಿಗೆ ಕೈಯಿಟ್ಟು, "ನನ್ನ ಪುಟ್ಟಿ ಎಲ್ಲಿ? ನನ್ನ ಪುಟ್ಟಿ ಎಲ್ಲಿ?" ಎಂದು ಅಳುತ್ತಿತ್ತು. ಪುಟ್ಟಿ ಎಂದು ಅದು ಒಂದು ಮೀನಿಗೆ ಹೆಸರಿಟ್ಟಿತ್ತು. ವೇಣೂರಿನ ತುಕ್ರಪ್ಪಣ್ಣ ಊದಿದ ಕೆನ್ನೆ ಹಿಡಿದುಕೊಂಡು ಇವರ ಪಕ್ಕದಲ್ಲಿ ಕೂತಿದ್ದರು. ವ್ಯಾನಿನ ಹೆಡ್‌ಲೈಟಿನಲ್ಲಿ ಧಾರೆ ಆದದ್ದು ಅವರ ಮಗಳಿಗೇ. ಆಗ ಶೋಧನ್ ಬಂದ. ಚೆನ್ನೈಯಿಂದ ನೇರ ಬಂದವನು, ಹೆಗಲಲ್ಲಿ ಇನ್ನೂ ಬ್ಯಾಗು. ಡಾಕ್ಟರು ಕೈಗವಸು ತೆಗೆಯುತ್ತಲೇ ಹೊರಗೆ ಬಂದರು.

"ನೋಡಿ ಶೋಧನ್. ಮಕ್ಕಳು ಹೆದರಬಾರದು ಅಂತ ನಾನು ಇದನ್ನು ಇಡಿಸಿದ್ದು. ಈಗ ಬಾಗಿಲಲ್ಲೇ ಹೆಣ ತೋರಿಸಿದ ಹಾಗಾಯ್ತು. ನಾನು ನಿಮ್ಮನ್ನು ನಂಬಿದ್ದೆ."

ಶೋಧನ್ ಟ್ಯಾಂಕ್ ನೋಡಿದ. ಆಮೇಲೆ ಮೇಲೆ ನೋಡಿದ. ಎರಡು ಫ್ಲಡ್‌ಲೈಟು, ಹಿಂದೆ ಸ್ಟಿಕ್ಕರು. ಗೋಡೆಯ ಸ್ವಿಚ್ಚು, ಅದರ ಮೇಲಿನ ಟೇಪು. ಅವನಿಗೆ ಎಲ್ಲ ಅರ್ಥವಾದದ್ದು ನನಗೆ ಅವನ ಮುಖದಲ್ಲೇ ಕಂಡಿತು. ತಿರುಗಿ ಮಾವನನ್ನು ಒಮ್ಮೆ ನೋಡಿದ. ಒಮ್ಮೆ ಮಾತ್ರ. ಇವರು ತಮ್ಮ ಚಪ್ಪಲಿ ನೋಡುತ್ತಿದ್ದರು.

"ತಪ್ಪು ನನ್ನದೇ ಮೇಡಂ. ಲೈಟಿನ ಆಯ್ಕೆ ತಪ್ಪಾಯ್ತು. ಬೆಳಕು ಜಾಸ್ತಿ ಆಯ್ತು," ಎಂದ.

"ಯಾವ ಲೈಟ್ ಹಾಕ್ಬೇಕು ಅಂತ ಗೊತ್ತಿಲ್ಲದೆ ಅಂಗಡಿ ಇಟ್ಟದ್ದಾ ನೀವು?"

ಅವನು ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ. ಬಾಯಿಯ ಹತ್ತಿಗೆ ಬೆಂಕಿ ಬೀಳಲಿ ಎಂದು ಅದನ್ನು ಉಗುಳಲು ಕೈ ಎತ್ತಿದೆ. ಇವರು ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ, ಯಾರಿಗೂ ಕಾಣದ ಹಾಗೆ, ಸೀರೆಯ ಮರೆಯಲ್ಲಿ. "ಸುಮ್ಮನಿರು ಮಾರಾಯ್ತಿ," ಎಂದು ಪಿಸುಗುಟ್ಟಿದರು.

ಶೋಧನ್ ಬಕೆಟ್ಟು ತಂದು, ಎಲ್ಲರ ಎದುರು ಸತ್ತ ಮೀನುಗಳನ್ನು ಬಲೆಯಲ್ಲಿ ಎತ್ತತೊಡಗಿದ. ತುಕ್ರಪ್ಪಣ್ಣ ಕನಿಕರದಿಂದ ಇವರ ಕಡೆ ವಾಲಿದರು. "ಈಗಿನ ಮಕ್ಕಳಿಗೆ ಹೇಳುವವರು ಯಾರು ಶೀನಪ್ಪಣ್ಣ? ಮನೆಯಲ್ಲೇ ನಿಮ್ಮಂಥ ಲೈಟಿನವರು ಇರುವಾಗ ಒಂದು ಮಾತು ಕೇಳಬಹುದಿತ್ತು, ಅಲ್ವಾ?"

ಇವರು, "ಹ್ಞೂಂ," ಎಂದರು.

ನಾನು ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ. ಜಗಳವಾಡಿದ್ದೇನೆ, ತವರಿಗೆ ಹೋಗಿ ಕೂತಿದ್ದೇನೆ. ಆದರೆ ಇವರ ಹೆಂಡತಿ ಎಂದು ನಾಚಿಕೆಪಟ್ಟದ್ದು ಆ ಒಂದು ಹ್ಞೂಂಗೆ. ನೆಲ ಬಾಯಿ ಬಿಟ್ಟಿದ್ದರೆ ಹೋಗಿಬಿಡುತ್ತಿದ್ದೆ. ಹಲ್ಲಿನ ನೋವು ಆಗ ನನಗೆ ಗೊತ್ತೇ ಆಗಲಿಲ್ಲ.

ಗುರುವಾಯನಕೆರೆ ದಾಟುವಾಗ ಹತ್ತಿ ಉಗುಳಿದೆ. ಆಮೇಲೆ ಬೆಳುವಾಯಿ ಬರುವ ತನಕ ನನ್ನ ಬಾಯಿ ನಿಲ್ಲಲಿಲ್ಲ. "ಥೂ ನಿಮ್ಮ! ಸತ್ತ ಮೀನನ್ನು ಅವನು ಎತ್ತುವುದು, ನೀವು ಕೂತು ಹ್ಞೂಂ ಅನ್ನುವುದು! ಅವನ ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ರಾ?" ಎಂದು ಕೇಳಬಾರದ್ದನ್ನೂ ಕೇಳಿದೆ. ಇವರು ಒಂದೇ ಮಾತು ಹೇಳಿದರು: "ಎಲ್ಲ ಪರಿಚಯದವರು ಕಾಂತಿ. ಬಾಯಿ ಬರ್ಲಿಲ್ಲ. ನಾಳೆ ಹೋಗಿ ಹೇಳ್ತೇನೆ."

ಆ ನಾಳೆ ಬರಲಿಲ್ಲ. ಒಂದು ದಿನ ಜನರೇಟರ್ ರಿಪೇರಿ, ಒಂದು ದಿನ ತಲೆನೋವು, ಒಂದು ದಿನ ಡಾಕ್ಟರು ಇರಲಿಕ್ಕಿಲ್ಲ. ಬಿ.ಸಿ.ರೋಡಿನ ಹೋಟೆಲಿನವರು ಬೇಡವೆಂದರು. ಮೂಡುಬಿದಿರೆಯಲ್ಲಿ ಜನ ಅಂಗಡಿಯ ಮುಂದೆ ಹೋಗುವಾಗ, "ಹಲ್ಲಿನ ಡಾಕ್ಟ್ರ ಮೀನು ಕೊಂದವನು ಇವನೇ" ಎಂದು ನಗುತ್ತಿದ್ದರಂತೆ. ಶೋಧನ್ ಮಾತ್ರ ಮೊದಲಿನ ಹಾಗೆಯೇ ಆದಿತ್ಯವಾರ ಊಟಕ್ಕೆ ಬರುತ್ತಿದ್ದ. "ಮಾಮಿ, ಇನ್ನೊಂದು ನೀರುದೋಸೆ" ಎನ್ನುತ್ತಿದ್ದ. ಮಾವನಿಗೆ ಸೊಂಟದ ನೋವು ಹೇಗುಂಟು ಎಂದು ಕೇಳುತ್ತಿದ್ದ. ಆ ವಿಷಯ ಎತ್ತಲೇ ಇಲ್ಲ. ಅವನು ಬೈದಿದ್ದರೆ ಇವರು ಉಣ್ಣುತ್ತಿದ್ದರು. ಅವನು ಬೈಯದೆ ಕೂತ ಕಾರಣ ಇವರ ಬಟ್ಟಲಿನ ಅನ್ನ ಹಾಗೇ ಉಳಿಯುತ್ತಿತ್ತು. ಅವನು ಬರುವ ದಿನ ಇವರಿಗೆ ತೋಟದಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳತೊಡಗಿತು.

ಒಂದು ಆದಿತ್ಯವಾರ ಕೈ ತೊಳೆದು ಬಂದು ಅವನು ಹೇಳಿದ. "ಮಾಮಿ, ದೋಹಾದ ಹಳೆ ಸೇಠು ಫೋನ್ ಮಾಡಿದ್ರು. ಬಾ ಅಂತಾರೆ. ಇಲ್ಲಿ ಇನ್ನು ಆಗ್ಲಿಕ್ಕಿಲ್ಲ. ಅಮ್ಮನನ್ನು ನೀವೇ ನೋಡ್ಕೊಳ್ಬೇಕು."

ಇವರು ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದರು. ಮಾರನೇ ಬೆಳಿಗ್ಗೆ ನೋಡಿದರೆ ಮಿಂದು, ಬಿಳಿ ಅಂಗಿ ಹಾಕಿ, ಅಂಗಳದಲ್ಲಿ ನಿಂತಿದ್ದಾರೆ. "ಹೊರಡು. ಲಾಯಿಲಕ್ಕೆ ಹೋಗುವ," ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವರ ಮುಖ ನೋಡಿ ನುಂಗಿಕೊಂಡೆ.

ಕ್ಲಿನಿಕ್ಕಿನಲ್ಲಿ ಟ್ಯಾಂಕ್ ಖಾಲಿ ಇತ್ತು. ಒಳಗೆ ಹಳೆ ವಾರಪತ್ರಿಕೆ ಪೇರಿಸಿಟ್ಟಿದ್ದರು. ಆ ದಿನವೂ ಜನ ತುಂಬಿತ್ತು, ಪರಿಚಯದವರೂ ಇದ್ದರು. ಇವರು ಕೂರಲಿಲ್ಲ. ಡಾಕ್ಟರು ಹೊರಗೆ ಬಂದ ತಕ್ಷಣ ಎಲ್ಲರ ನಡುವೆ ನಿಂತು, ಮೈಕಿಲ್ಲದಿದ್ದರೂ ಮೈಕಿನಲ್ಲಿ ಹೇಳುವ ಹಾಗೆ ಹೇಳಿದರು.

"ಡಾಕ್ಟ್ರೇ, ಒಂದು ಮಾತು ಎಲ್ಲರ ಎದುರೇ ಹೇಳ್ಬೇಕು. ಮೀನು ಸತ್ತದ್ದು ಶೋಧನನಿಂದ ಅಲ್ಲ. ಅವನು ಸಣ್ಣ ಲೈಟೇ ಹಾಕಿದ್ದ. ದೊಡ್ಡದು ನಾನು ಹಾಕಿದ್ದು. ಅವನು ಬೇಡ ಅಂದಿದ್ದ, ಒಂದು ದಿನದಲ್ಲಿ ತೆಗೀರಿ ಅಂದಿದ್ದ. ನಾನು ತೆಗೀಲಿಲ್ಲ. ತೆಗೆದೆ ಅಂತ ಅವನನ್ನು ನಂಬಿಸಿದೆ. ಆ ದಿನ ಅವನು ಬೈಸಿಕೊಳ್ಳುವಾಗ ಇಲ್ಲೇ ಕೂತಿದ್ದೆ."

ಇವರ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಅಬ್ಬಾ, ಕೊನೆಗೂ ಹೇಳಿದರಲ್ಲ ಎಂದು ನನ್ನ ಕಣ್ಣು ತುಂಬಿತು. ಡಾಕ್ಟರ ಕಣ್ಣೂ ತುಂಬಿತ್ತು. ಅವರು ಇವರ ಕೈ ಹಿಡಿದುಕೊಂಡರು.

"ಶೆಟ್ರೇ, ಮೊದಲು ಕೂತ್ಕೊಳ್ಳಿ. ನಿಮ್ಮ ಮನಸ್ಸು ದೊಡ್ಡದು. ಅಳಿಯನಿಗಾಗಿ ಇಷ್ಟು ಜನರ ಎದುರು ತಪ್ಪು ತಲೆ ಮೇಲೆ ಹಾಕಿಕೊಳ್ಳುವವರು ಈ ಕಾಲದಲ್ಲಿ ಯಾರಿದ್ದಾರೆ?"

"ಅಲ್ಲ ಡಾಕ್ಟ್ರೇ, ನಿಜವಾಗಿ..."

"ಲೈಟ್ ಕಟ್ಟಿದ್ದು ನೀವು ಹೌದು, ನಾನೇ ನೋಡಿದ್ದೇನೆ. ಆದ್ರೆ ಯಾವುದು ಕಟ್ಬೇಕು ಅಂತ ಹೇಳಿದ್ದು ಶೋಧನ್. ಅವರೇ ಒಪ್ಪಿದ್ದಾರಲ್ಲ? ಮಾಡದ ತಪ್ಪನ್ನು ಒಪ್ಪಿ ಅವರಿಗೇನು ಸಿಗ್ತದೆ? ಮತ್ತೆ ಅವತ್ತು ನೀವು ಇಲ್ಲೇ ಇದ್ರಿ. ನಿಮ್ಮ ತಪ್ಪಾಗಿದ್ರೆ ನಿಮ್ಮಂಥವರು ಆ ಹುಡುಗನಿಗೆ ಬೈಸಿಕೊಳ್ಲಿಕ್ಕೆ ಬಿಟ್ಟು ಸುಮ್ಮನೆ ಕೂರ್ತಿದ್ರಾ?"

ನಾನು ಮುಂದೆ ಬಂದೆ. "ಇಲ್ಲ ಡಾಕ್ಟ್ರೇ, ಇವರು ಹೇಳುವುದು ಸತ್ಯ. ಇವರೇ ಮಾಡಿದ್ದು. ನನಗೆ ಗೊತ್ತುಂಟು."

"ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡೇ ಬಂದಿದ್ದೀರಿ," ಎಂದು ಡಾಕ್ಟರು ಕಣ್ಣೊರೆಸಿಕೊಂಡು ನಕ್ಕರು. ಕೂತವರೆಲ್ಲ ನಕ್ಕರು. "ಮಾವ ಅಂದ್ರೆ ಹೀಗಿರ್ಬೇಕು" ಎಂದಿತು ಒಂದು ಮುದುಕಿ. ಯಾರೋ ಎದ್ದು ಇವರಿಗೆ ಕುರ್ಚಿ ಬಿಟ್ಟುಕೊಟ್ಟರು. "ನಿಮ್ಮ ಮುಖ ನೋಡಿ ಶೋಧನ್‌ಗೆ ಇನ್ನೊಂದು ಅವಕಾಶ ಕೊಡ್ತೇನೆ. ಪುನಃ ಟ್ಯಾಂಕ್ ಮಾಡ್ಲಿ," ಎಂದರು ಡಾಕ್ಟರು. ಕೈಮುಗಿದು ಹೊರಗೆ ಬರುವುದಲ್ಲದೆ ಬೇರೆ ದಾರಿ ಇರಲಿಲ್ಲ.

ನಾವು ಬೆಳುವಾಯಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹಾಲಿನ ಡೈರಿಯಲ್ಲಿ, ಬಸ್‌ಸ್ಟಾಪಿನಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ ಜನ ಇವರನ್ನು ನಿಲ್ಲಿಸಿ ಹೊಗಳಿದರು. ಒಬ್ಬೊಬ್ಬರಿಗೂ ಇವರು, "ಅಲ್ಲ, ನಿಜವಾಗಿ ನಾನೇ ಮಾಡಿದ್ದು" ಎಂದು ಹೇಳಿ ನೋಡಿದರು. ಹೇಳಿದಷ್ಟೂ ಹೊಗಳಿಕೆ ಹೆಚ್ಚಾಯಿತು. ಆಮೇಲೆ ಇವರು ಪೇಟೆಗೆ ಹೋಗುವುದನ್ನೇ ಬಿಟ್ಟರು. ಇಂಥ ಶಿಕ್ಷೆಯನ್ನು ನಾನು ಎಲ್ಲಿಯೂ ಕೇಳಿಲ್ಲ.

ಶೋಧನ್ ದೋಹಾಕ್ಕೆ ಹೋಗಲಿಲ್ಲ. ಪುನಃ ಟ್ಯಾಂಕ್ ಕಟ್ಟಿದ. ಲೈಟು ಹಾಕುವ ದಿನ ನಮ್ಮನ್ನೂ ಕರೆದ. ಇವರು ಬರುವುದಿಲ್ಲವೆಂದು ಹಟ ಹಿಡಿದರೂ ನಾನು ಎಬ್ಬಿಸಿಕೊಂಡು ಹೋದೆ. ಅದೇ ನೆರಳಿನ ಗಿಡ, ಅದೇ ತೆಳ್ಳನೆಯ ಬಿಳಿ ಲೈಟು. ಅವನು ಅದನ್ನು ಮೇಲಿಡಲು ಎತ್ತಿದಾಗ ಡಾಕ್ಟರು ಬೆರಳೆತ್ತಿ ತಡೆದರು.

"ಒಂದು ನಿಮಿಷ ಶೋಧನ್. ಈ ಸಲ ಮಾವನಿಗೆ ತೋರಿಸಿ, ಅವರು ಆಗ್ಬಹುದು ಅಂದ ಮೇಲೆಯೇ ಹಾಕಿ. ಹಿಂದಿನ ಸಲದ ಹಾಗೆ ಆಗ್ಬಾರ್ದು."

ಶೋಧನ್‌ನ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ, "ಆಯ್ತು ಮೇಡಂ," ಎಂದು ತಿರುಗಿ, ಲೈಟನ್ನು ಎರಡೂ ಕೈಯಲ್ಲಿ ಹಿಡಿದು ಇವರ ಮುಂದೆ ಬಂದು ನಿಂತ. "ಮಾವ, ಇದು ಆಗ್ಬಹುದಾ?"

ಅವನ ದನಿಯಲ್ಲಿ ಕುಹಕ ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಇವರು ಲೈಟನ್ನು ಮುಟ್ಟಲಿಲ್ಲ. "ನನಗೆ ಗೊತ್ತಿಲ್ಲ ಮಗಾ. ನಿನಗೆ ಗೊತ್ತುಂಟು, ನೀನೇ ಹಾಕು," ಎಂದರು. ಲೈಟಿನ ವಿಷಯದಲ್ಲಿ ಗೊತ್ತಿಲ್ಲ ಎಂಬ ಮಾತು ಇವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೋಡಿ, ಎಷ್ಟು ವಿನಯ!" ಎಂದರು ಡಾಕ್ಟರು.

ವಾಪಸು ಬರುವಾಗ ವ್ಯಾನನ್ನು ಶೋಧನ್ ಬಿಡುತ್ತಿದ್ದ. ಇವರು ಅವನ ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ವೇಣೂರು ದಾಟಿದ ಮೇಲೆ ಇವರ ಭುಜ ಅಲುಗುವುದು ಹಿಂದೆ ಕೂತ ನನಗೆ ಕಂಡಿತು. ಶೋಧನ್‌ಗೂ ಕಂಡಿತು. ಅವನು ವ್ಯಾನು ನಿಧಾನ ಮಾಡಿದ.

"ಬಿಡಿ ಮಾವ. ಊರಿನವರು ಏನು ಬೇಕಾದ್ರೂ ತಿಳ್ಕೊಳ್ಳಿ. ನನಗೆ ನಿಜ ಗೊತ್ತುಂಟಲ್ಲ, ಸಾಕು."

"ಅದೇ ಮಗಾ," ಎಂದರು ಇವರು. "ಊರಿಗೆಲ್ಲ ಗೊತ್ತಾಗಿ ನಿನಗೊಬ್ಬನಿಗೆ ಗೊತ್ತಿಲ್ಲದೆ ಹೋಗಿದ್ರೆ ನಾನು ಹೇಗಾದ್ರೂ ತಡ್ಕೊಳ್ತಿದ್ದೆ."